ಜೋಡಿ ಡಿಸ್ಕಿನಲ್ಲಿ ಒಂದು ಕೆಟ್ಟಿದೆ ಅಂತ ತೋರಿಸಿದರೆ: ಕಳಚುವ ಮುನ್ನ ನೋಡಬೇಕಾದದ್ದು

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಸಾಲಿನ ಅಕ್ಕಿ ಮಿಲ್ಲುಗಳ ಆಫೀಸಿನಲ್ಲಿ ಕೂತಿರುವ ಸರ್ವರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ವೇ ಬ್ರಿಡ್ಜಿನ ತೂಕದ ಚೀಟಿ, ಭತ್ತ ಕೊಟ್ಟ ರೈತರ ಬಾಕಿ, ಲಾರಿ ಲೋಡಿನ ಲೆಕ್ಕ, ಜಿಎಸ್‌ಟಿ ಬಿಲ್ಲು ಎಲ್ಲ ಅದರಲ್ಲೇ ಇರುತ್ತವೆ. ಸುಗ್ಗಿಯಲ್ಲಿ ಅರ್ಧ ದಿನ ಸರ್ವರ್ ನಿಂತರೆ ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ನಿಲ್ಲುತ್ತದೆ. ಹಾಗಾಗಿಯೇ ಎರಡು ಡಿಸ್ಕು ಹಾಕಿ ಮಿರರ್ ಮಾಡಿಸಿರುತ್ತಾರೆ. ಒಂದು ಹೋದರೂ ಇನ್ನೊಂದರ ಮೇಲೆ ಕೆಲಸ ನಡೆಯಲಿ ಅಂತ.

ಮಿರರಿನಲ್ಲಿ ಡೇಟಾ ಹೋಗುವುದು ಸಾಮಾನ್ಯವಾಗಿ ಮೊದಲ ದೋಷದಿಂದ ಅಲ್ಲ. ದೋಷ ಕಂಡ ಮೇಲೆ ಗಾಬರಿಯಲ್ಲಿ ಮಾಡುವ ಕೆಲಸದಿಂದ. ಚೆನ್ನಾಗಿರುವ ಡಿಸ್ಕನ್ನೇ ಕಳಚುವುದು, ಕೇಬಲ್ ಕೆಟ್ಟಿದ್ದರೆ ಡಿಸ್ಕ್ ಬದಲಿಸಿ ಕೈ ತೊಳೆದುಕೊಳ್ಳುವುದು, ಸುಮ್ನೆ ರೀಬೂಟ್ ಮಾಡಿ ಸಾಕ್ಷಿ ಅಳಿಸುವುದು. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ: ಯಾವುದು ಕೆಟ್ಟಿದೆ ಅಂತ ಖಾತ್ರಿ ಆಗುವವರೆಗೆ ಸ್ಕ್ರೂಡ್ರೈವರ್ ಹಿಡಿಯಬೇಡಿ.

ಉದಾಹರಣೆಗೆ ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್, ಮತ್ತು ಡಿಸ್ಕಿನಲ್ಲಿ ಕಡತ ಇಡುವ, ಮಿರರನ್ನೂ ತಾನೇ ನೋಡಿಕೊಳ್ಳುವ ಝಡ್‌ಎಫ್‌ಎಸ್ ತೆಗೆದುಕೊಂಡಿದ್ದೇನೆ. ಸನ್ ಕಂಪನಿ ಕಟ್ಟಿದ ಝಡ್‌ಎಫ್‌ಎಸ್‌ನ ಮೂಲ ಕೋಡ್ 2005ರಲ್ಲಿ ಹೊರಗೆ ಬಂತು. ಫ್ರೀಬಿಎಸ್‌ಡಿಗೆ ಅದು 2008ರ 7.0 ಆವೃತ್ತಿಯಲ್ಲಿ ಸೇರಿತು. ಆಜ್ಞೆಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ಪೂಲಿನ (ಝಡ್‌ಎಫ್‌ಎಸ್ ಒಟ್ಟುಗೂಡಿಸಿದ ಡಿಸ್ಕುಗಳ ಗುಂಪಿನ) ಹೆಸರು "ಮಿಲ್", ಡಿಸ್ಕುಗಳು ಎಡಿಎ0 ಮತ್ತು ಎಡಿಎ1 ಅಂತ ಇಟ್ಟುಕೊಳ್ಳೋಣ.

ಏನನ್ನೂ ಮುಟ್ಟುವ ಮುಂಚೆ

ಮೊದಲು ಈ ಮೂರನ್ನು ಓಡಿಸಿ, ಬಂದದ್ದನ್ನು ಬೇರೆ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದರೂ ಆಯಿತು.

ಝಡ್‌ಪೂಲ್ ಸ್ಟೇಟಸ್ -ವಿ
ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಡಿಎ0 (ಹಾಗೇ ಎಡಿಎ1ಕ್ಕೂ)
/ವರ್/ಲಾಗ್/ಮೆಸೇಜಸ್ ಕಡತದ ನಕಲು

ಉಳಿಸುವುದಕ್ಕೆ ಕಾರಣ ಇದೆ. ಝಡ್‌ಪೂಲ್ ಸ್ಟೇಟಸ್ ತೋರಿಸುವ ತಪ್ಪುಗಳ ಲೆಕ್ಕ ಮೆಮೊರಿಯಲ್ಲಿ ಮಾತ್ರ ಇರುತ್ತದೆ. ಯಂತ್ರ ರೀಬೂಟ್ ಆದರೆ ಎಲ್ಲ ಸೊನ್ನೆ. ನಮ್ಮ ಕಡೆ ಕರೆಂಟು ಹೋಗಿ, ಯುಪಿಎಸ್ ಕೈಕೊಟ್ಟು, ಸರ್ವರ್ ತಾನೇ ಬಿದ್ದು ಎದ್ದಿರುವುದು ಹೊಸದೇನಲ್ಲ. ತಿಂಗಳುಗಟ್ಟಲೆ ತಪ್ಪು ಮಾಡುತ್ತಿರುವ ಡಿಸ್ಕೂ ಬೆಳಿಗ್ಗೆ ನೋಡಿದರೆ 0 0 0 ಅಂತ ಸಾಚಾ ಆಗಿ ಕೂತಿರಬಹುದು. ಸ್ಮಾರ್ಟ್ ಲೆಕ್ಕ, ಅಂದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ (ಸ್ಮಾರ್ಟ್‌ಸಿಟಿಎಲ್ ತೋರಿಸುವುದು ಅದನ್ನೇ), ಹಾಗಲ್ಲ, ಅದು ಡಿಸ್ಕಿನೊಳಗೇ ಬರೆದಿರುತ್ತದೆ. ಲಾಗ್ ಕಡತವೂ ಉಳಿಯುತ್ತದೆ. ಮೂರನ್ನೂ ಎದುರುಬದುರು ಇಟ್ಟು ಓದಿದರೇ ಪೂರ್ತಿ ಕತೆ ಸಿಗುವುದು.

ಆಮೇಲೆ ಬ್ಯಾಕಪ್. ಮಿರರ್ ಇದೆಯಲ್ಲ, ಬ್ಯಾಕಪ್ ಯಾಕೆ ಅನ್ನುವವರಿದ್ದಾರೆ. ಗುಮಾಸ್ತರು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಅದೇ ಕ್ಷಣ ಅಳಿಯುತ್ತದೆ. ಈಗಂತೂ ಒಂದು ಡಿಸ್ಕಿನ ಮೇಲೆ ಅನುಮಾನ ಬಂದಿದೆ, ಅಂದರೆ ಗಟ್ಟಿ ನಕಲು ಒಂದೇ ಉಳಿದಿದೆ. ಝಡ್‌ಎಫ್‌ಎಸ್ ಸ್ನ್ಯಾಪ್‌ಶಾಟ್ -ಆರ್ ಮಾಡಿ (ಈ ಕ್ಷಣದ ಸ್ಥಿತಿಯನ್ನು ಹಿಡಿದಿಡುತ್ತದೆ), ಝಡ್‌ಎಫ್‌ಎಸ್ ಸೆಂಡ್ ಮೂಲಕ ಹೊರಗಿನ ಯುಎಸ್‌ಬಿ ಡಿಸ್ಕಿಗೆ ಕಳಿಸಿ. ಅದು ಮುಗಿದ ಮೇಲೇ ಮುಂದಿನ ಮಾತು.

ಕೋಷ್ಟಕ ಓದುವುದು

ಝಡ್‌ಪೂಲ್ ಸ್ಟೇಟಸ್ ಹೀಗೆ ಬಂತು ಅಂದುಕೊಳ್ಳಿ:

ಮಿಲ್ — ಆನ್‌ಲೈನ್ — 0 0 0
 ಮಿರರ್-0 — ಆನ್‌ಲೈನ್ — 0 0 0
  ಎಡಿಎ0ಪಿ3 — ಆನ್‌ಲೈನ್ — 0 0 0
  ಎಡಿಎ1ಪಿ3 — ಆನ್‌ಲೈನ್ — 0 0 47

ಪಿ3 ಅಂದರೆ ಆ ಡಿಸ್ಕಿನ ಮೂರನೇ ಪಾರ್ಟಿಷನ್, ಅಂದರೆ ಭಾಗ. ಕೊನೆಯ ಮೂರು ಅಂಕಿಗಳು ರೀಡ್, ರೈಟ್, ಚೆಕ್‌ಸಮ್. ರೀಡ್ ಏರಿದ್ದರೆ ಡಿಸ್ಕು "ಓದಲಾಗಲಿಲ್ಲ" ಅಂತ ಒಪ್ಪಿಕೊಂಡಿದೆ. ರೈಟ್ ಏರಿದ್ದರೆ "ಬರೆಯಲಾಗಲಿಲ್ಲ" ಅಂದಿದೆ. ಚೆಕ್‌ಸಮ್ ಏರಿದ್ದರೆ ವಿಷಯ ಬೇರೆ. ಡಿಸ್ಕು "ತಗೋ, ಇದೇ ನೀನು ಕೇಳಿದ್ದು" ಅಂತ ಕೊಟ್ಟಿದೆ, ಆದರೆ ಕೊಟ್ಟದ್ದು ತಪ್ಪು. ಝಡ್‌ಎಫ್‌ಎಸ್ ಪ್ರತಿ ಬ್ಲಾಕಿನ ಚೆಕ್‌ಸಮ್ಮನ್ನು (ಬ್ಲಾಕಿನಲ್ಲಿ ಬರೆದದ್ದರಿಂದ ಲೆಕ್ಕ ಹಾಕಿದ ತಾಳೆ ಅಂಕಿ) ಆ ಬ್ಲಾಕಿನ ಜೊತೆ ಇಡದೆ ಅದರ ಮೇಲಿನ ಬ್ಲಾಕಿನಲ್ಲಿ ಇಡುತ್ತದೆ. ಓದುವಾಗ ತಾಳೆ ನೋಡುತ್ತದೆ. ತಾಳೆ ಆಗದಿದ್ದರೆ ಇನ್ನೊಂದು ಡಿಸ್ಕಿನ ನಕಲು ಓದಿ ಕೊಡುತ್ತದೆ, ತಪ್ಪಾಗಿದ್ದ ಕಡೆ ಸರಿಯಾದದ್ದನ್ನು ತಿರುಗಿ ಬರೆಯುತ್ತದೆ. ಆಫೀಸಿನಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. 47 ಅನ್ನುವ ಅಂಕಿ ಒಂದೇ ಸುಳಿವು.

ಮಿರರಿಗೆ ಝಡ್‌ಎಫ್‌ಎಸ್ ಬದಲು ಫ್ರೀಬಿಎಸ್‌ಡಿಯ ಜಿಮಿರರ್ ಅಥವಾ ಲಿನಕ್ಸಿನ ಎಂಡಿ ರೇಡ್ ಬಳಸುವವರು ಇದನ್ನು ಗಮನಿಸಬೇಕು. ಅವುಗಳಿಗೆ ತಮ್ಮದೇ ಚೆಕ್‌ಸಮ್ ಇಲ್ಲ. ಎರಡು ಡಿಸ್ಕಿನಲ್ಲಿ ಬೇರೆ ಬೇರೆ ಬರೆದಿದ್ದರೆ ಯಾವುದು ಸರಿ ಅಂತ ಅವಕ್ಕೆ ಗೊತ್ತಾಗುವುದಿಲ್ಲ. ಎಂಡಿ ರೇಡಿನಲ್ಲಿ /ಪ್ರೊಕ್/ಎಂಡಿಸ್ಟ್ಯಾಟ್ ಕಡತದಲ್ಲಿ ಎರಡು ಯು ಅಕ್ಷರಗಳ ಬದಲು ಒಂದು ಯು, ಒಂದು ಅಡಿಗೆರೆ ಕಂಡರೆ ಒಂದು ಡಿಸ್ಕು ಹೊರಗೆ ಬಿದ್ದಿದೆ ಅಂತ ಅರ್ಥ. ಹೊಸ ಮಿರರ್ ಕಟ್ಟುವವರಿಗೆ ನನ್ನ ಸಲಹೆ ಝಡ್‌ಎಫ್‌ಎಸ್, ಈ ಒಂದು ಗುಣಕ್ಕಾಗಿಯೇ.

ಚೆಕ್‌ಸಮ್ ಮಾತ್ರ ಏರಿದ್ದರೆ: ಮೊದಲು ಕೇಬಲ್

ಗಂಗಾವತಿ ಹತ್ತಿರದ ಒಂದು ಕ್ಯಾಂಪಿನ ಮಿಲ್ಲಿನಿಂದ ಫೋನು ಬಂದಿತ್ತು. ಮೇಲೆ ಬರೆದ ಕೋಷ್ಟಕ ಅಲ್ಲಿಯದೇ.

"ಸರ್, ಒಂದು ಡಿಸ್ಕ್ ಕೆಟ್ಟೈತಿ ಅಂತ ತೋರ್ಸಾಕತ್ತೈತಿ ನೋಡ್ರಿ. ಹೊಸಾದು ತರಿಸ್ಲೇನ್ರಿ?"

"ತರಿಸಿ ಇಡ್ರಿ, ಆದ್ರ ಹಚ್ಚಬ್ಯಾಡ್ರಿ. ಮೊದ್ಲು ಸ್ಮಾರ್ಟ್ ಲೆಕ್ಕ ಕಳಸ್ರಿ."

ಸ್ಮಾರ್ಟ್ ಪಟ್ಟಿ ಉದ್ದ ಇರುತ್ತದೆ. ನೋಡಬೇಕಾದ ಸಾಲು ನಾಲ್ಕೇ, ಅದೂ ಕೊನೆಯ ಕಚ್ಚಾ ಅಂಕಿ. 5 ಅಂದರೆ ಕೆಟ್ಟು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳು (ಡಿಸ್ಕಿನ ಮೇಲಿನ ಸಣ್ಣ ತುಂಡುಗಳು). 197 ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳು. 198 ಡಿಸ್ಕು ತಾನೇ ಪರೀಕ್ಷಿಸಿಕೊಂಡಾಗ ಸರಿಪಡಿಸಲಾಗದವು. 199 ಅಂದರೆ ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಯಲ್ಲಿ ಕೆಟ್ಟ ಸಂದೇಶಗಳು. ಆ ಮಿಲ್ಲಿನ ಡಿಸ್ಕಿನಲ್ಲಿ 5, 197, 198 ಮೂರೂ ಸೊನ್ನೆ. 199ರ ಮುಂದೆ 212.

ಇಲ್ಲಿಗೇ ಅರ್ಧ ಉತ್ತರ ಸಿಕ್ಕಿತು ಅಲ್ವಾ? ಡಿಸ್ಕಿನ ತಟ್ಟೆ ಆರೋಗ್ಯವಾಗಿದೆ, ದಾರಿ ಕೆಟ್ಟಿದೆ. ಲಾಗಿನಲ್ಲೂ ಅದೇ ಇತ್ತು: ಎಡಿಎ1ರ ಹೆಸರಿನಲ್ಲಿ "ಅನ್‌ಕರೆಕ್ಟಬಲ್ ಪ್ಯಾರಿಟಿ/ಸಿಆರ್‌ಸಿ ಎರರ್", ಅದರ ಕೆಳಗೆ "ರಿಟ್ರೈಯಿಂಗ್ ಕಮಾಂಡ್". ತಟ್ಟೆಯೇ ಕೆಟ್ಟಿದ್ದರೆ ಅಲ್ಲಿ "ಯುಎನ್‌ಸಿ" (ಓದಿ ಸರಿಪಡಿಸಲಾಗದ ತಪ್ಪು) ಅನ್ನುವ ಪದ ಕಾಣಬೇಕಿತ್ತು. ಈ ಎರಡು ಪದಗಳನ್ನು ಗುರುತಿಸಲು ಕಲಿತರೆ ಎಷ್ಟೋ ಒಳ್ಳೆಯ ಡಿಸ್ಕು ಗುಜರಿ ಸೇರುವುದು ತಪ್ಪುತ್ತದೆ.

ಆ ಸಾಲುಗಳ ಸಮಯ ನೋಡಿದರೆ ಎಲ್ಲವೂ ಮಿಲ್ಲು ಓಡುವ ಹೊತ್ತಿನವು. ಅಮಾವಾಸ್ಯೆಗೆ ಮಿಲ್ಲು ಬಂದ್ ಇತ್ತು, ಆ ದಿನದ ಹೆಸರಿನಲ್ಲಿ ಒಂದು ಸಾಲೂ ಇಲ್ಲ. ಬಂದ್ ಇದ್ದಾಗ ಸರ್ವರಿಗೆ ಕೆಲಸವೇ ಇರುವುದಿಲ್ಲ, ತಪ್ಪು ಎಲ್ಲಿಂದ ಬರಬೇಕು ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಸ್ಕ್ರಬ್ ಬೇಕು. "ಝಡ್‌ಪೂಲ್ ಸ್ಕ್ರಬ್ ಮಿಲ್" ಅಂದರೆ ಎರಡೂ ಡಿಸ್ಕಿನಲ್ಲಿ ಬರೆದಿರುವ ಎಲ್ಲವನ್ನೂ ಓದಿ ತಾಳೆ ನೋಡುತ್ತದೆ. ಅಂದರೆ ಕೆಲಸವನ್ನು ನಾವೇ ಕೊಟ್ಟ ಹಾಗೆ. ಬ್ಯಾಕಪ್ ಆದ ಮೇಲೆ "ಝಡ್‌ಪೂಲ್ ಕ್ಲಿಯರ್ ಮಿಲ್" ಕೊಟ್ಟು ಲೆಕ್ಕ ಸೊನ್ನೆ ಮಾಡಿ, ರಾತ್ರಿ ಮಿಲ್ಲು ನಿಂತ ಮೇಲೆ ಒಂದು ಸ್ಕ್ರಬ್. ತಪ್ಪು ಬರಲಿಲ್ಲ, 199 ಕೂಡ 212ರಲ್ಲೇ ನಿಂತಿತ್ತು. ಮರುದಿನ ಮಿಲ್ಲು ಓಡುವಾಗ ಇನ್ನೊಂದು ಸ್ಕ್ರಬ್. ಚೆಕ್‌ಸಮ್ಮೂ ಏರಿತು, 199ಊ ಏರಿತು.

ಸರ್ವರನ್ನು ಮಿಲ್ಲಿಗೂ ಆಫೀಸಿಗೂ ನಡುವಿನ ಗೋಡೆಗೆ ಹೊಡೆದ ಪ್ಲೈವುಡ್ ಹಲಗೆಯ ಮೇಲೆ ಇಟ್ಟಿದ್ದರು. ಹಲ್ಲರ್ ಶುರುವಾದರೆ ಹಲಗೆಯ ಮೇಲಿನ ಪೆನ್ನು ಉರುಳುತ್ತಿತ್ತು. ಸಾಟಾ ಕೇಬಲ್ಲಿನ ತುದಿಯಲ್ಲಿ ಲೋಹದ ಕ್ಲಿಪ್ ಇರಲಿಲ್ಲ, ಬೆರಳು ತಾಗಿದರೆ ಅಲ್ಲಾಡುತ್ತಿತ್ತು. ಕನೆಕ್ಟರಿನ ಸಂದಿಯಲ್ಲಿ ತೌಡಿನ ಸಣ್ಣ ಪುಡಿ ಕೂತಿತ್ತು. ಯಂತ್ರ ಆಫ್ ಮಾಡಿ, ಬ್ರಷ್ಷಿನಿಂದ ಪುಡಿ ತೆಗೆದು, ಕ್ಲಿಪ್ ಇರುವ ಗಿಡ್ಡ ಕೇಬಲ್ ಹಾಕಿ, ಸರ್ವರನ್ನು ಎದುರು ಗೋಡೆಯ ಬಳಿ ನೆಲದ ಸ್ಟ್ಯಾಂಡಿಗೆ ಇಳಿಸಿದರು. ಮಿಲ್ಲು ಓಡುವಾಗಲೇ ಮತ್ತೆ ಸ್ಕ್ರಬ್ ಮಾಡಿದರೆ ಸೊನ್ನೆ. ತರಿಸಿದ ಹೊಸ ಡಿಸ್ಕು ಡಬ್ಬಿಯಲ್ಲೇ ಉಳಿಯಿತು.

ಒಂದು ಮಾತು ನೆನಪಿರಲಿ. 199 ಕಮ್ಮಿ ಆಗುವುದಿಲ್ಲ. ಲಾರಿಯ ಕಿಲೋಮೀಟರ್ ಮೀಟರಿನಂತೆ ಮುಂದಕ್ಕೆ ಮಾತ್ರ ಓಡುತ್ತದೆ. ರಿಪೇರಿ ಆದ ಮೇಲೂ ಹಳೆಯ ಅಂಕಿ ಅಲ್ಲೇ ಇರುತ್ತದೆ. ಏರುವುದು ನಿಂತಿತಾ ಅಂತಷ್ಟೇ ನೋಡಬೇಕು. ಬರೆದಿಟ್ಟುಕೊಳ್ಳದಿದ್ದರೆ ಮುಂದಿನ ವರ್ಷ ಬಂದವರು ಅದೇ ಅಂಕಿ ನೋಡಿ ಮತ್ತೆ ಗಾಬರಿ ಬೀಳುತ್ತಾರೆ.

ಕೇಬಲ್ಲೋ ಡಿಸ್ಕೋ ಅಂತ ಇನ್ನೂ ಅನುಮಾನ ಇದ್ದರೆ ಸುಲಭದ ಪರೀಕ್ಷೆ ಇದೆ. ಯಂತ್ರ ಆಫ್ ಮಾಡಿ, ಎರಡು ಡಿಸ್ಕುಗಳ ಡೇಟಾ ಕೇಬಲ್ಲನ್ನು ಡಿಸ್ಕಿನ ತುದಿಯಲ್ಲಿ ಅದಲುಬದಲು ಮಾಡಿ. ಝಡ್‌ಎಫ್‌ಎಸ್ ಡಿಸ್ಕನ್ನು ಅದರ ಮೇಲೆ ಬರೆದ ಗುರುತಿನಿಂದ ಹುಡುಕಿಕೊಳ್ಳುತ್ತದೆ, ಅದಕ್ಕೆ ತೊಂದರೆ ಇಲ್ಲ. ಈಗ ಸ್ಕ್ರಬ್ ಮಾಡಿದಾಗ ತಪ್ಪು ಹಳೆಯ ಡಿಸ್ಕಿನ ಜೊತೆಗೇ ಹೋಯಿತಾ, ಕೇಬಲ್ಲಿನ ಜೊತೆ ಇನ್ನೊಂದು ಡಿಸ್ಕಿಗೆ ದಾಟಿತಾ? ಸೀರಿಯಲ್ ನಂಬರ್ ಹಿಡಿದು ನೋಡಿ. ಅದಲುಬದಲಾದ ಮೇಲೆ ಎಡಿಎ0, ಎಡಿಎ1 ಹೆಸರುಗಳೂ ಅದಲುಬದಲಾಗುತ್ತವೆ.

ರಾಯಚೂರಿನ ಜಿನ್ನಿಂಗ್ ಮಿಲ್ಲುಗಳಲ್ಲಿ ತೌಡಿನ ಬದಲು ಹತ್ತಿಯ ನಾರು. ಅದು ಫ್ಯಾನಿನ ಬಾಯಿಗೆ ಹಾಸಿಗೆಯಂತೆ ಕೂರುತ್ತದೆ, ಹಾಗಾಗಿ ಅಲ್ಲಿ ಬಿಸಿಯ ತೊಂದರೆ ಮೊದಲು ಬರುತ್ತದೆ. ಸ್ಮಾರ್ಟ್ ಪಟ್ಟಿಯ 194ನೇ ಸಾಲು ಉಷ್ಣಾಂಶ. ಸಾಮಾನ್ಯ ಡಿಸ್ಕುಗಳಿಗೆ ಕಂಪನಿಯವರು ಕೊಡುವ ಮೇಲ್ಮಿತಿ 60 ಡಿಗ್ರಿ. ನಮ್ಮ ಬೇಸಿಗೆಯಲ್ಲಿ ಹೊರಗೇ 40 ದಾಟಿರುತ್ತದೆ, ಉಳಿದ ಅಂತರ ಎಷ್ಟು ಕಮ್ಮಿ ಅಂತ ನೀವೇ ಲೆಕ್ಕ ಹಾಕಿ.

ಡಿಸ್ಕು ಮಾಯವಾಗಿ ತಿರುಗಿ ಬರುತ್ತಿದ್ದರೆ: ಕರೆಂಟು

ಸ್ಟೇಟಸ್ಸಿನಲ್ಲಿ "ರಿಮೂವ್ಡ್" ಅಂತ ಬಂದಿದೆ, ಲಾಗಿನಲ್ಲಿ ಡಿಸ್ಕು ಬೇರ್ಪಟ್ಟು ಕೆಲವೇ ಸೆಕೆಂಡಿನಲ್ಲಿ ಮತ್ತೆ ಕಂಡುಬಂದಿದೆ. ಯಾರೂ ಡಬ್ಬಿ ಮುಟ್ಟಿಲ್ಲ. ಇಂಥದ್ದರಲ್ಲಿ ಡಿಸ್ಕಿಗೆ ಹೋಗುವ ಪವರ್ ವೈರು, ಅದಕ್ಕೆ ಹಾಕಿದ ಸ್ಪ್ಲಿಟರ್, ಆಮೇಲೆ ಎಸ್‌ಎಂಪಿಎಸ್ (ಯಂತ್ರದೊಳಗಿನ ಪವರ್ ಸಪ್ಲೈ), ಈ ಕ್ರಮದಲ್ಲಿ ನೋಡಿ. ಒಂದೇ ಸ್ಪ್ಲಿಟರಿನಿಂದ ಎರಡೂ ಡಿಸ್ಕಿಗೆ ಕರೆಂಟು ಕೊಟ್ಟಿದ್ದರೆ ಅದನ್ನು ಇವತ್ತೇ ಬೇರೆ ಮಾಡಿ. ಎರಡು ಡಿಸ್ಕು ಇಟ್ಟು ಎರಡನ್ನೂ ಹತ್ತು ರೂಪಾಯಿಯ ಒಂದು ತುಂಡಿಗೆ ನೇತು ಹಾಕಿದರೆ ಮಿರರಿಗೆ ಅರ್ಥವೇ ಇಲ್ಲ.

ದೊಡ್ಡ ಮೋಟಾರ್ ಶುರುವಾಗುವಾಗ ವೋಲ್ಟೇಜ್ ಕುಸಿಯುವುದು ಎಲ್ಲ ಮಿಲ್ಲಿನವರಿಗೂ ಗೊತ್ತು. ಯುಪಿಎಸ್ ಅದನ್ನು ತಡೆಯಬೇಕು, ಆದರೆ ಬ್ಯಾಟರಿ ಸತ್ತ ಯುಪಿಎಸ್ ಬರೀ ಡಬ್ಬಿ. ಲಾಗಿನ ಸಮಯವನ್ನು ಮಿಲ್ಲಿನ ಆಪರೇಟರ್ ಬಳಿ ಇರುವ ಮೋಟಾರ್ ಆನ್ ಮಾಡಿದ ಸಮಯದ ಜೊತೆ ತಾಳೆ ನೋಡಿ. ಹೊಂದಿಬಿಟ್ಟರೆ ಬೇರೆ ಪುರಾವೆ ಬೇಡ. ಕಾರಣ ಸರಿಪಡಿಸಿದ ಮೇಲೆ "ಝಡ್‌ಪೂಲ್ ಆನ್‌ಲೈನ್ ಮಿಲ್ ಎಡಿಎ1ಪಿ3" ಕೊಟ್ಟರೆ, ಆ ಡಿಸ್ಕು ಹೊರಗಿದ್ದಾಗ ಬದಲಾದಷ್ಟನ್ನೇ ಅದು ನಕಲು ಮಾಡಿಕೊಳ್ಳುತ್ತದೆ. ಬೇಗ ಮುಗಿಯುತ್ತದೆ. ಆದರೂ ಕೊನೆಗೊಂದು ಪೂರ್ತಿ ಸ್ಕ್ರಬ್ ಮಾಡಿ.

ಎರಡೂ ಡಿಸ್ಕಿನಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಚೆಕ್‌ಸಮ್ ಏರುತ್ತಿದ್ದರೆ ಡಿಸ್ಕುಗಳನ್ನು ಬಿಟ್ಟು ರ್‍ಯಾಮ್ ಕಡೆ ತಿರುಗಿ. ಎರಡು ಒಳ್ಳೆಯ ಡಿಸ್ಕು ಒಟ್ಟಿಗೆ ಅದೇ ರೀತಿ ಕೆಡುವುದು ಅಪರೂಪ. ಮೆಮ್‌ಟೆಸ್ಟ್ ಒಂದು ರಾತ್ರಿ ಓಡಲಿ. ಅದು ಸರಿ ಬಂದರೆ ಕಂಟ್ರೋಲರ್, ಎಸ್‌ಎಂಪಿಎಸ್. ಕೆಟ್ಟ ರ್‍ಯಾಮ್ ಇರುವಾಗ ಸ್ಕ್ರಬ್ ಮಾಡುತ್ತಾ ಕೂರಬೇಡಿ.

ಡಿಸ್ಕು ನಿಜವಾಗಿ ಹೋಗಿದ್ದರೆ

197 ಮತ್ತು 198 ಏರುತ್ತಿವೆ, ಲಾಗಿನಲ್ಲಿ ಯುಎನ್‌ಸಿ ಇದೆ, ರೀಡ್ ಅಂಕಣವೂ ಏರಿದೆ. ಇದು ಡಿಸ್ಕೇ. ಕೆಲವೊಮ್ಮೆ ತಪ್ಪು ತೋರಿಸದೆ ಬರೀ ನಿಧಾನ ಆಗುತ್ತದೆ. ಡಿಸ್ಕು ಎಷ್ಟು ಬಿಜಿ ಅಂತ ಶೇಕಡಾದಲ್ಲಿ ತೋರಿಸುವ ಜಿಸ್ಟ್ಯಾಟ್ ಓಡಿಸಿದರೆ ಒಂದು ಡಿಸ್ಕು ಆರಾಮಾಗಿದ್ದು ಇನ್ನೊಂದು ಸದಾ 100ರ ಹತ್ತಿರ ಕೂತಿರುವುದು ಕಾಣುತ್ತದೆ. ಕೆಟ್ಟ ಸೆಕ್ಟರನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿರುವ ಡಿಸ್ಕಿನ ಲಕ್ಷಣ ಅದು.

ಬದಲಿಸುವಾಗ ಎಲ್ಲಕ್ಕಿಂತ ದೊಡ್ಡ ಅಪಾಯ ತಪ್ಪು ಡಿಸ್ಕನ್ನು ಕಳಚುವುದು. "ಮೇಲಿನದೇ ಎಡಿಎ0 ಇರಬೇಕು" ಅನ್ನುವ ಊಹೆ ಬೇಡ. "ಜಿಯೋಮ್ ಡಿಸ್ಕ್ ಲಿಸ್ಟ್" ಕೊಟ್ಟರೆ "ಐಡೆಂಟ್" ಸಾಲಿನಲ್ಲಿ ಸೀರಿಯಲ್ ನಂಬರ್ ಬರುತ್ತದೆ. ಡಿಸ್ಕಿನ ಸ್ಟಿಕ್ಕರಿನಲ್ಲೂ ಅದೇ ಇರುತ್ತದೆ. ಕೊನೆಯ ನಾಲ್ಕು ಅಕ್ಷರ ಕಾಗದದ ಮೇಲೆ ಬರೆದುಕೊಂಡು, ಕಣ್ಣಾರೆ ಹೋಲಿಸಿ ಆಮೇಲೆ ಕಳಚಿ.

ಡಬ್ಬಿಯಲ್ಲಿ ಮೂರನೇ ಡಿಸ್ಕಿಗೆ ಜಾಗ ಇದ್ದರೆ ಹಳೆಯದನ್ನು ತೆಗೆಯಲೇಬೇಡಿ. ಹೊಸದನ್ನು ಪಕ್ಕದಲ್ಲಿ ಹಚ್ಚಿ "ಝಡ್‌ಪೂಲ್ ರಿಪ್ಲೇಸ್" ಕೊಡಿ. ನಕಲು ಮುಗಿಯುವ ತನಕ ಕುಂಟುತ್ತಿರುವ ಡಿಸ್ಕೂ ಜೊತೆಗೇ ಇರುತ್ತದೆ. ಒಳ್ಳೆಯ ಡಿಸ್ಕಿನಲ್ಲಿ ಯಾವುದೋ ಒಂದು ಬ್ಲಾಕ್ ಓದಲು ಬರದಿದ್ದರೆ ಕುಂಟನ ಬಳಿ ಅದು ಸರಿಯಾಗಿ ಸಿಗಬಹುದು. ಜಾಗ ಇದ್ದೂ ಈ ಅವಕಾಶ ಕೈಬಿಡುವುದು ನನಗೆ ಒಪ್ಪಿಗೆಯಾಗದ ಕೆಲಸ.

ಹೊಸ ಡಿಸ್ಕಿಗೆ ಮೊದಲು ಪಾರ್ಟಿಷನ್ ಬೇಕು. "ಜಿಪಾರ್ಟ್ ಬ್ಯಾಕಪ್" ಹಳೆಯದರ ನಕ್ಷೆ ಕೊಡುತ್ತದೆ, "ಜಿಪಾರ್ಟ್ ರಿಸ್ಟೋರ್ -ಎಫ್" (ಇಲ್ಲಿ ಮಾತ್ರ ಎಫ್ ದೊಡ್ಡ ಅಕ್ಷರ) ಅದನ್ನು ಹೊಸದರ ಮೇಲೆ ಬರೆಯುತ್ತದೆ. ಇದು ಗುರಿ ಡಿಸ್ಕಿನಲ್ಲಿದ್ದ ನಕ್ಷೆಯನ್ನು ಅಳಿಸಿಬಿಡುತ್ತದೆ, ಹೆಸರನ್ನು ಗಟ್ಟಿಯಾಗಿ ಓದಿಕೊಂಡು ಎಂಟರ್ ಒತ್ತಿ. ಝಡ್‌ಪೂಲ್ ರಿಪ್ಲೇಸ್ ಕೊಟ್ಟಾಗ "ಡಿವೈಸ್ ಈಸ್ ಟೂ ಸ್ಮಾಲ್" ಅಂತ ಬಂದರೆ ಹೊಸ ಡಿಸ್ಕು ಒಂಚೂರು ಚಿಕ್ಕದು. ಅದಕ್ಕೇ ಮೊದಲ ಸಲ ಮಿರರ್ ಕಟ್ಟುವಾಗಲೇ ಪಾರ್ಟಿಷನ್ನನ್ನು ಡಿಸ್ಕಿನ ಅಂಚಿನವರೆಗೆ ಎಳೆಯದೆ ಸ್ವಲ್ಪ ಜಾಗ ಖಾಲಿ ಬಿಡುವುದು ಒಳ್ಳೆಯದು. ನಕಲು ತೆವಳುತ್ತಿದ್ದರೆ ಹೊಸ ಡಿಸ್ಕು ಎಸ್‌ಎಂಆರ್ (ಬರೆಯುವ ಪಟ್ಟಿಗಳನ್ನು ಒಂದರ ಮೇಲೊಂದು ಹೊಂಚಿದ) ಜಾತಿಯದಾ ಅಂತ ಅದರ ಮಾಹಿತಿ ಪತ್ರ ನೋಡಿ. ಅಗ್ಗದ ಡಿಸ್ಕುಗಳಲ್ಲಿ ಅದು ಜಾಸ್ತಿ, ಈ ಕೆಲಸಕ್ಕೆ ಅದು ಆಗಿಬರುವುದಿಲ್ಲ.

ಕಟ್ಟಿದಾಗಲೇ ಉಳಿದ ದೋಷಗಳು

ಮಿರರ್ ಅಂದುಕೊಂಡದ್ದು ಮಿರರೇ ಅಲ್ಲದಿರಬಹುದು. ಸ್ಟೇಟಸ್ಸಿನಲ್ಲಿ ಎರಡೂ ಡಿಸ್ಕು "ಮಿರರ್-0" ಸಾಲಿನ ಕೆಳಗೆ ಒಳಸರಿದು ಇರಬೇಕು. ಮಿರರ್ ಅನ್ನುವ ಸಾಲೇ ಇಲ್ಲದೆ ಎರಡೂ ನೇರ ಪೂಲಿನ ಕೆಳಗೆ ಇದ್ದರೆ, ಯಾರೋ "ಅಟ್ಯಾಚ್" ಬದಲು "ಆಡ್" ಕೊಟ್ಟಿದ್ದಾರೆ. ಅಟ್ಯಾಚ್ ಇದ್ದ ಡಿಸ್ಕಿಗೆ ಜೋಡಿ ಕೂಡಿಸುತ್ತದೆ. ಆಡ್ ಜಾಗವನ್ನು ಹಿಗ್ಗಿಸುತ್ತದೆ. ಆಗ ಒಂದು ಹೋದರೆ ಇಡೀ ಪೂಲ್ ಹೋಯಿತು. ಮಿರರ್ ಇರುವ ಪೂಲಿಗೆ ಒಂಟಿ ಡಿಸ್ಕು ಆಡ್ ಮಾಡಲು ಹೋದರೆ ಝಡ್‌ಎಫ್‌ಎಸ್ ಎಚ್ಚರಿಸುತ್ತದೆ, -ಎಫ್ ಹಾಕಿದರೆ ಮಾತ್ರ ಒಪ್ಪುತ್ತದೆ. ಮೊದಲಿಂದ ಒಂಟಿ ಡಿಸ್ಕಿನ ಪೂಲಾಗಿದ್ದರೆ ಆ ತಡೆಯೂ ಇಲ್ಲ. ಈಗಿನ ಓಪನ್‌ಝಡ್‌ಎಫ್‌ಎಸ್‌ನಲ್ಲಿ, ಎರಡರ ಸೆಕ್ಟರ್ ಗಾತ್ರ ಒಂದೇ ಇದ್ದು ಜಾಗ ಸಾಕಷ್ಟಿದ್ದರೆ, "ಝಡ್‌ಪೂಲ್ ರಿಮೂವ್" ಕೊಟ್ಟು ಡೇಟಾವನ್ನು ಮೊದಲ ಡಿಸ್ಕಿಗೆ ಸರಿಸಿ ಎರಡನೆಯದನ್ನು ಬಿಡಿಸಬಹುದು. ಆಮೇಲೆ ಸರಿಯಾಗಿ ಅಟ್ಯಾಚ್.

ಇನ್ನೊಂದು ದೋಷ ಬೂಟಿನದು, ನನಗೆ ಜಾಸ್ತಿ ಭಯ ಇದರದ್ದೇ. ಡಿಸ್ಕು ಬದಲಿಸಿ ಮಿರರ್ ಪೂರ್ತಿ ಆನ್‌ಲೈನ್ ಬಂದಿರುತ್ತದೆ. ಮುಂದೊಂದು ದಿನ ಮೊದಲ ಡಿಸ್ಕು ಸತ್ತಾಗ ಯಂತ್ರ ಏಳುವುದೇ ಇಲ್ಲ. ಕಾರಣ, ಝಡ್‌ಎಫ್‌ಎಸ್ ತನ್ನ ಪಾರ್ಟಿಷನ್ನನ್ನು ಮಾತ್ರ ನಕಲು ಮಾಡುತ್ತದೆ. ಬೂಟ್ ಪಾರ್ಟಿಷನ್ ಅದರ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ಬಯಾಸ್ ಯಂತ್ರವಾದರೆ "ಜಿಪಾರ್ಟ್ ಬೂಟ್‌ಕೋಡ್" ಆಜ್ಞೆಯಿಂದ ಪಿಎಂಬಿಆರ್ ಮತ್ತು ಜಿಪಿಟಿಝಡ್‌ಎಫ್‌ಎಸ್‌ಬೂಟ್ ಅನ್ನುವ ಬೂಟ್ ಕೋಡ್ ಎರಡನ್ನೂ ಹೊಸ ಡಿಸ್ಕಿಗೆ ನಾವೇ ಬರೆಯಬೇಕು. ಯುಇಎಫ್‌ಐ ಆದರೆ ಲೋಡರ್ ಇಎಫ್‌ಐ ಕಡತವನ್ನು ಹೊಸ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿಗೆ ನಕಲು ಮಾಡಬೇಕು. "ಝಡ್‌ಪೂಲ್ ಅಪ್‌ಗ್ರೇಡ್" ಮಾಡಿದ ಮೇಲೂ ಎರಡೂ ಡಿಸ್ಕಿನ ಬೂಟ್ ಭಾಗ ಹೊಸದು ಮಾಡಿ. ಹಳೆಯ ಬೂಟ್ ಕೋಡಿಗೆ ಹೊಸ ಪೂಲ್ ಓದಲು ಬಾರದೆ ಇರಬಹುದು.

ಪರೀಕ್ಷೆ ಒಂದೇ. ಬ್ಯಾಕಪ್ ಇಟ್ಟುಕೊಂಡು, ಯಂತ್ರ ಆಫ್ ಮಾಡಿ ಮೊದಲ ಡಿಸ್ಕಿನ ಕೇಬಲ್ ತೆಗೆದು ಎರಡನೆಯದರಿಂದ ಬೂಟ್ ಮಾಡಿ ನೋಡಿ. ಮತ್ತೆ ಆಫ್ ಮಾಡಿ, ತೆಗೆದದ್ದನ್ನು ಹಚ್ಚಿ, ನಕಲು ಸರಿಹೊಂದುವ ತನಕ ಕಾಯಿರಿ. ಆಮೇಲೆ ಎರಡನೆಯದನ್ನು ತೆಗೆದು ನೋಡಿ. ನಡುವೆ ಕಾಯದೆ ಒಂದಾದ ಮೇಲೊಂದು ತೆಗೆಯುವುದು ಬೇಡ.

ಮುಂದಿನ ಸಲ ಬೇಗ ಗೊತ್ತಾಗಲು

/ಇಟಿಸಿ/ಪೀರಿಯಾಡಿಕ್.ಕಾನ್ಫ್ ಕಡತದಲ್ಲಿ ಡೈಲಿ_ಸ್ಟೇಟಸ್_ಝಡ್‌ಎಫ್‌ಎಸ್_ಎನೇಬಲ್ ಮತ್ತು ಡೈಲಿ_ಸ್ಕ್ರಬ್_ಝಡ್‌ಎಫ್‌ಎಸ್_ಎನೇಬಲ್ ಎರಡಕ್ಕೂ "ಯೆಸ್" ಕೊಡಿ. ಮೊದಲನೆಯದು ದಿನವೂ ಪೂಲಿನ ಸ್ಥಿತಿ ಹೇಳುತ್ತದೆ. ಎರಡನೆಯದು ಹಿಂದಿನ ಸ್ಕ್ರಬ್ ಆಗಿ 35 ದಿನ ಕಳೆದರೆ ತಾನೇ ಹೊಸದು ಶುರು ಮಾಡುತ್ತದೆ. ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿ, ಸ್ಮಾರ್ಟ್ ಲೆಕ್ಕದ ಮೇಲೆ ಕಣ್ಣಿಡುವ ಸ್ಮಾರ್ಟ್‌ಡಿ ಓಡಿಸಿ. ಸ್ಪೇರ್ ಡಿಸ್ಕು ಸೇರಿಸಿದ್ದರೆ ಝಡ್‌ಎಫ್‌ಎಸ್‌ಡಿ ಸೇವೆಯೂ ಓಡುತ್ತಿರಬೇಕು, ಇಲ್ಲದಿದ್ದರೆ ಸ್ಪೇರ್ ತಾನಾಗಿ ಕೆಲಸಕ್ಕೆ ಇಳಿಯುವುದಿಲ್ಲ.

ಈ ವರದಿಗಳೆಲ್ಲ ರೂಟ್ ಬಳಕೆದಾರನ ಮೇಲ್ ಡಬ್ಬಿಗೆ ಹೋಗುತ್ತವೆ. ಅದನ್ನು ತೆರೆದು ನೋಡುವವರು ಯಾರೂ ಇರುವುದಿಲ್ಲ. /ಇಟಿಸಿ/ಅಲಿಯಾಸಸ್ ಕಡತದಲ್ಲಿ ರೂಟ್ ಮುಂದೆ ನಿಜವಾಗಿ ಓದುವವರ ಮೇಲ್ ವಿಳಾಸ ಬರೆದು, ನ್ಯೂಅಲಿಯಾಸಸ್ ಓಡಿಸಿ, ಒಂದು ಪರೀಕ್ಷಾ ಮೇಲ್ ಕಳಿಸಿ ಫೋನಿಗೆ ಬಂತಾ ನೋಡಿ. ಸರ್ವರ್ ಡಬ್ಬಿಯ ಹೊರಗೆ ಒಂದು ಸ್ಟಿಕ್ಕರ್ ಅಂಟಿಸಿ: ಮೇಲಿನ ಡಿಸ್ಕಿನ ಸೀರಿಯಲ್, ಕೆಳಗಿನ ಡಿಸ್ಕಿನ ಸೀರಿಯಲ್, ಇವತ್ತಿನ ತಾರೀಕು, ಇವತ್ತಿನ 199ರ ಅಂಕಿ.